ಊರು ಕಡಿಮೆ, ದಿನ ಜಾಸ್ತಿ

ಓದುಗರ ಪ್ರಶ್ನೆ – ಪ್ರವಾಸ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮ ಯುರೋಪ್ ಪ್ರವಾಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2024ರ ಏಪ್ರಿಲ್ 24ರಿಂದ ಮೇ 24ರವರೆಗೆ, 30 ರಾತ್ರಿ, ಐದು ಜನ. ನಾನು, ನಮ್ಮ ಮನೆಯವರು, 76 ವರ್ಷದ ಅತ್ತೆ, ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದ ಮಗಳು, ಒಂಬತ್ತು ವರ್ಷದ ಮಗ. ಹುಬ್ಬಳ್ಳಿಯ ಅಂಗಡಿಯನ್ನು ಮೈದುನ ನೋಡಿಕೊಂಡರು, ಧಾರವಾಡದ ಮನೆಗೆ ಬೀಗ ಹಾಕಿ ಹೊರಟೆವು. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾವು ಆರು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಅಪ್ಪ-ಅವ್ವ. ಟ್ರಾವೆಲ್ಸ್‌ನವರು 11 ದಿನದಲ್ಲಿ ಏಳು ದೇಶ ತೋರಿಸುತ್ತೇವೆ ಅನ್ನುತ್ತಾರೆ. ಅಷ್ಟು ದುಡ್ಡು ಹಾಕಿ ಹೋಗುವಾಗ ಜಾಸ್ತಿ ದೇಶ ನೋಡಿದರೇ ಲಾಭ ಅಲ್ವಾ? ನೀವು ನಾಲ್ಕು ದೇಶಕ್ಕೆ ಒಂದು ತಿಂಗಳು ಕೊಟ್ಟಿದ್ದು ಯಾಕೆ?
– ವಿದ್ಯಾನಗರ, ಹುಬ್ಬಳ್ಳಿಯ ಓದುಗರು

ಉತ್ತರ: ಒಮ್ಮೆ ನಿಮ್ಮ ಲೆಕ್ಕದಂತೆಯೇ ಹೋಗಿ ಬಂದಿದ್ದೇವೆ, ಅದಕ್ಕೇ ಹೇಳುತ್ತೇನೆ. 2014ರಲ್ಲಿ, ಮಗಳು ಐದು ವರ್ಷದವಳಿದ್ದಾಗ, ಹತ್ತು ದಿನಕ್ಕೆ ಆರು ದೇಶ. ಬೆಳಿಗ್ಗೆ ಆರಕ್ಕೆ ಬ್ಯಾಗು ರೂಮಿನ ಹೊರಗಿಡಬೇಕು. ಏಳಕ್ಕೆ ಬಸ್ಸು. ಐಫೆಲ್ ಗೋಪುರದ ಮುಂದೆ ಇಪ್ಪತ್ತು ನಿಮಿಷ. ನಮ್ಮ ಅತ್ತೆ ಬಸ್ಸಿನ ಮೆಟ್ಟಿಲು ಹತ್ತಿ ಇಳಿದೇ ದಣಿದರು. ಊರಿಗೆ ಬಂದ ಮೇಲೆ ಓಣಿಯವರು "ಏನೇನ್ ನೋಡಿದ್ರಿ?" ಅಂತ ಕೇಳಿದಾಗ ಅವರು ಸುಮ್ಮನಾಗಿಬಿಟ್ಟರು. ನನಗೆ ಅದು ಬಹಳ ದಿನ ಮನಸ್ಸಿನಲ್ಲಿ ಕೊರೆಯಿತು. ಮತ್ತೆ ಹೋಗುವುದಾದರೆ ಅತ್ತೆಯ ನಡಿಗೆಗೆ ಹೊಂದುವಂತೆ ಹೋಗಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಈಗ ಲೆಕ್ಕಕ್ಕೆ ಬರೋಣ. ಊರು ಬದಲಿಸಿದ ದಿನ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಒಂದು ಕಡೆ ರೂಮು ಖಾಲಿ ಮಾಡಬೇಕು, ಮುಂದಿನ ಊರಿನಲ್ಲಿ ಮೂರರ ತನಕ ರೂಮು ಕೊಡುವುದಿಲ್ಲ. ನಡುವೆ ಪ್ರಯಾಣ, ಬ್ಯಾಗು, ಊಟ ಹುಡುಕುವುದು. 11 ದಿನಕ್ಕೆ ಏಳು ದೇಶ ಅಂದರೆ ಕಡಿಮೆ ಅಂದರೂ ಆರು ದಿನ ಹೀಗೇ ಹೋಗುತ್ತವೆ. ಉಳಿಯುವುದು ಐದು. ಆ ಐದು ದಿನಕ್ಕೆ ನೀವು ಹಣ ಕೊಡುತ್ತಿದ್ದೀರಿ.

ನಾವು ಮಾಡಿದ್ದು ಇಷ್ಟು. ಹಂಗೇರಿಯ ಬುಡಾಪೆಸ್ಟ್‌ನಲ್ಲಿ 5 ರಾತ್ರಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ 8, ಸ್ಲೊವೇನಿಯಾದಲ್ಲಿ 6 (ಮೂರು ಲ್ಯೂಬ್ಲಿಯಾನಾ, ಮೂರು ಬ್ಲೆಡ್), ಇಟಲಿಯಲ್ಲಿ 11 (ಬೊಲೊನ್ಯಾ 7, ರೋಮ್ 4). ಬುಡಾಪೆಸ್ಟ್‌ನಲ್ಲಿ ವಿಮಾನ ಇಳಿದೆವು, ರೋಮ್‌ನಿಂದ ಹತ್ತಿದೆವು. ಇಳಿದ ಊರಿಗೇ ವಾಪಸ್ ಹೋಗಬೇಕು ಅನ್ನುವ ಕಟ್ಟು ಹಾಕಿಕೊಳ್ಳಬೇಡಿ, ಅದರಿಂದ ಎರಡು ದಿನ ಉಳಿಯುತ್ತದೆ. ಎಲ್ಲ ಕಡೆ ಅಡುಗೆಮನೆ ಇರುವ ಫ್ಲ್ಯಾಟು ಹಿಡಿದೆವು. ವಾರದ ಲೆಕ್ಕದಲ್ಲಿ ಹಿಡಿದರೆ ಹಲವರು ಬಾಡಿಗೆ ಕಡಿಮೆ ಮಾಡುತ್ತಾರೆ. ಆದರೆ ಊರಿನ ಪ್ರವಾಸಿ ತೆರಿಗೆ ಬೇರೆ, ಕೆಲವು ಊರುಗಳಲ್ಲಿ ತಲೆಗೆ ರಾತ್ರಿಗೆ ಇಷ್ಟು ಅಂತ ಕೊಡಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳಿ.

ಒಂದು ದಿನ ನೋಡಲು ಹೋಗುವುದು, ಮರುದಿನ ಸುಮ್ನೆ ಇರುವುದು. ಇದು ನಮ್ಮ ಕ್ರಮ. ಸುಮ್ನೆ ಇರುವ ದಿನ ಬೆಳಿಗ್ಗೆ ಸಂತೆಗೆ ಹೋಗಿ ಕಾಯಿಪಲ್ಲೆ ತರುವುದು, ಅಡುಗೆ, ಮಧ್ಯಾಹ್ನ ನಿದ್ದೆ, ಸಂಜೆ ಪಾರ್ಕು. ಬ್ಲೆಡ್‌ನ ಕೆರೆ ಸುತ್ತಲಿನ ದಾರಿ ಸುಮಾರು ಆರು ಕಿಲೋಮೀಟರ್. ಮನೆಯವರು ಮತ್ತು ಮಕ್ಕಳು ಪೂರ್ತಿ ಸುತ್ತಿ ಬರುತ್ತಿದ್ದರು. ಅತ್ತೆ ಮತ್ತು ನಾನು ಒಂದೇ ಬೆಂಚು ಹಿಡಿದು ನಡುಗಡ್ಡೆಯ ಚರ್ಚಿನ ಗಂಟೆ ಕೇಳುತ್ತ ಕೂರುತ್ತಿದ್ದೆವು. ಉಣಕಲ್ ಕೆರೆ ದಂಡೆಯಲ್ಲಿ ಸಂಜೆ ಕೂರುವುದಿಲ್ವಾ, ಹಾಗೆಯೇ. ಈಗ ಯಾರಾದರೂ ಕೇಳಿದರೆ ಅತ್ತೆ ಅರ್ಧ ಗಂಟೆ ಮಾತಾಡುತ್ತಾರೆ. ನಿಮ್ಮ ಅಪ್ಪ-ಅವ್ವನಿಗೂ ಆ ಅರ್ಧ ಗಂಟೆ ಸಿಗಲಿ ಅನ್ನುವುದು ನನ್ನ ಆಸೆ. ತಿಂಗಳು ಸಾಧ್ಯವಿಲ್ಲದಿದ್ದರೆ ಆ 11 ದಿನವನ್ನೇ ಎರಡು ಊರಿಗೆ ಹಂಚಿ. ವಿಯೆನ್ನಾ-ಬುಡಾಪೆಸ್ಟ್ ನಡುವೆ ರೈಲಿನಲ್ಲಿ ಎರಡು ಮುಕ್ಕಾಲು ಗಂಟೆ, ಅಷ್ಟೇ.

ಪ್ರಶ್ನೆ: ನಾಲ್ಕು ದೇಶ ಅಂದರೆ ನಾಲ್ಕು ವೀಸಾ ಬೇಕಾ? ಯಾವ ದೇಶಕ್ಕೆ ಅರ್ಜಿ ಹಾಕಬೇಕು?
– ಬೆಟಗೇರಿ, ಗದಗ

ಉತ್ತರ: ಒಂದೇ ಸಾಕು. ಷೆಂಗೆನ್ ಅನ್ನುವ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಒಂದು ವೀಸಾದಲ್ಲಿ ಎಲ್ಲ ಕಡೆ ಓಡಾಡಬಹುದು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿಲ್ಲ, ಲಂಡನ್‌ಗೆ ಬೇರೆಯೇ ವೀಸಾ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿದೆ.

ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಬುಡಾಪೆಸ್ಟ್‌ನಲ್ಲಿ ಇಳಿದರೂ 11 ರಾತ್ರಿ ಇಟಲಿಯಲ್ಲಿ ಇದ್ದದ್ದರಿಂದ ಇಟಲಿಗೇ ಅರ್ಜಿ ಹಾಕಿದೆವು. ಬಹಳ ಜನ ಇಲ್ಲೇ ತಪ್ಪುತ್ತಾರೆ. ಮೊದಲು ಊರು, ದಿನ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಅರ್ಜಿಗೆ ಕೂರಿ.

ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಆರರ ಕೆಳಗೆ ಉಚಿತ. ವೀಸಾ ಕೇಂದ್ರದವರ ಸೇವಾ ಶುಲ್ಕ ಇದರ ಮೇಲೆ. ಹೊರಡುವ ದಿನಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮುಂಚೆ. ಬೇಸಿಗೆ ಪ್ರವಾಸಕ್ಕೆ ಆ 15 ದಿನ ನಂಬಿ ಕೂರಲೇಬೇಡಿ. ನಮಗೆ ಜನವರಿ ಕೊನೆಗೆ ಕೇಳಿದರೂ ಐದು ಜನಕ್ಕೆ ಒಂದೇ ದಿನದ ಸಮಯ ಸಿಗುವುದು ಕಷ್ಟವಾಯಿತು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, 12 ವರ್ಷದ ಕೆಳಗಿನವರಿಗೆ ಬೆರಳಚ್ಚು ಬೇಡ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವಾಪಸ್ ಬರುವ ದಿನದಿಂದ ಮುಂದೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಹಿರಿಯರ ಪಾಸ್‌ಪೋರ್ಟ್ ಹಳೆಯದಾಗಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆ ಕೆಲಸ ಮೊದಲು ಮುಗಿಸಿ.

ಪ್ರಶ್ನೆ: ನಾವು ಪಕ್ಕಾ ಶಾಕಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ತಿಂಗಳುಗಟ್ಟಲೆ ಬರೀ ಬ್ರೆಡ್ಡಿನ ಮೇಲೆ ಇರಬೇಕಾ? ಇಲ್ಲಿಂದ ಏನೇನು ಒಯ್ಯಬಹುದು?
– ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಈ ಪ್ರಶ್ನೆ ಬ್ಯಾಡಗಿಯಿಂದಲೇ ಬಂದದ್ದು ನನಗೆ ಖುಷಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಒಯ್ಯಬಾರದ್ದು. ಹಾಲು, ಮಾಂಸ, ಅವುಗಳಿಂದ ಮಾಡಿದ ಪದಾರ್ಥಗಳನ್ನು ಹೊರಗಿನಿಂದ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ತುಪ್ಪ ಬೇಡ, ಪನ್ನೀರು ಬೇಡ. ಧಾರವಾಡ ಪೇಢೆ ಪೂರ್ತಿ ಖವೆಯದ್ದು, ಅದನ್ನೂ ಮನೆಯಲ್ಲೇ ಬಿಡಿ. ನಮ್ಮ ಅತ್ತೆಗೆ ಇದು ಬಹಳ ಬೇಸರ ತಂದ ವಿಷಯ, ಯಾರ ಮನೆಗೆ ಹೋದರೂ ಪೇಢೆ ಒಯ್ಯುವ ರೂಢಿ ಅವರದು. ಹಸಿ ಕರಿಬೇವು, ಹಣ್ಣು, ಕಾಯಿಪಲ್ಲೆಗೂ ಪ್ರಮಾಣಪತ್ರ ಬೇಕು. ಐದು ಹಣ್ಣುಗಳಿಗೆ ಮಾತ್ರ ಬೇಕಿಲ್ಲ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್.

ನಾವು ಒಯ್ದದ್ದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಸಾರಿನ ಪುಡಿ, ಎರಡು ಲೀಟರಿನ ಒಂದು ಕುಕ್ಕರು. ಕುಕ್ಕರಿನ ತಳ ಇಂಡಕ್ಷನ್ ಒಲೆಗೆ ಹೊಂದುವಂಥದ್ದು ಇರಲಿ. ಹಲವು ಫ್ಲ್ಯಾಟುಗಳಲ್ಲಿ ಗ್ಯಾಸಿನ ಒಲೆ ಇರುವುದಿಲ್ಲ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಮುರಿಯುವುದಿಲ್ಲ. ಅಕ್ಕಿ, ಬೇಳೆ, ಮೊಸರು, ಟೊಮೆಟೊ, ಉಳ್ಳಾಗಡ್ಡಿ ಎಲ್ಲ ಅಲ್ಲೇ ಸಿಗುತ್ತವೆ. ಅಲ್ಲಿಯ ಮೊಸರು ಬಹಳ ಚೆನ್ನಾಗಿರುತ್ತದೆ. ಸಂಜೆ ಅನ್ನ, ಸಾರು, ಮೊಸರು, ಹಿಂಡಿ-ರೊಟ್ಟಿ ಉಂಡರೆ ಮರುದಿನ ಎಲ್ಲಿ ಬೇಕಾದರೂ ತಿರುಗಾಡುವ ಕಸುವು ಬರುತ್ತದೆ.

ಹೊರಗೆ ತಿನ್ನುವಾಗ ಒಂದಿಷ್ಟು ಎಚ್ಚರ ಬೇಕು. ಬೊಲೊನ್ಯಾದ ಕಡೆ ಅಂಗಡಿಯಲ್ಲಿ ಮಾಡುವ ಹಸಿ ಪಾಸ್ತಾಕ್ಕೆ ಮೊಟ್ಟೆ ಹಾಕುತ್ತಾರೆ. ಪೊಟ್ಟಣದ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಅಷ್ಟೇ, ಅದು ನಿಮಗೆ ಆಗುತ್ತದೆ. ಪಾರ್ಮಿಜಾನೊ ಚೀಸ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಿಯಮವೇ ಹಾಗಿದೆ. ನಿಮ್ಮಂಥ ಮನೆಯವರು ಅದನ್ನು ಬೇಡ ಅನ್ನಿ. ತರಕಾರಿ ಸೂಪಿಗೂ ಮಾಂಸದ ರಸ ಹಾಕಿರಬಹುದು, ಆ ಕಡೆಯ ಪಿಯಾದೀನಾ ಅನ್ನುವ ರೊಟ್ಟಿಗೆ ಹಂದಿಯ ಕೊಬ್ಬು ಹಾಕುವ ಪದ್ಧತಿ ಇದೆ. ಕೇಳಿ ತೆಗೆದುಕೊಳ್ಳಿ. ಪೊಲೆಂಟಾ ಮಾತ್ರ ನಿಮಗೆ ಪರಿಚಯದ ರುಚಿ, ಗೋವಿನಜೋಳದ ನುಚ್ಚೇ ಅದು. ಚೀಸ್ ಇಲ್ಲದೆ ಕೊಡಿ ಅನ್ನಿ.

"ಮಾಂಸ ಹಾಕಬೇಡಿ" ಅನ್ನುವುದಕ್ಕೆ ನಾಲ್ಕು ಭಾಷೆಯ ಮಾತನ್ನು ಮಗಳು ಚೀಟಿಯಲ್ಲಿ ಬರೆದು ಅಜ್ಜಿಯ ಚೀಲದಲ್ಲಿ ಇಟ್ಟಿದ್ದಳು. ಹಂಗೇರಿಯಲ್ಲಿ "ಹೂಶ್ ನೇಲ್ಕುಲ್", ಆಸ್ಟ್ರಿಯಾದಲ್ಲಿ "ಓನೆ ಫ್ಲೈಶ್", ಸ್ಲೊವೇನಿಯಾದಲ್ಲಿ "ಬ್ರೆಜ್ ಮೆಸಾ", ಇಟಲಿಯಲ್ಲಿ "ಸೆಂಜಾ ಕಾರ್ನೆ". ಮೀನನ್ನು ಕೆಲವರು ಮಾಂಸ ಅಂತ ಎಣಿಸುವುದಿಲ್ಲ. ಅದನ್ನು ಬೇರೆಯಾಗಿ ಹೇಳಬೇಕು.

ಇನ್ನು ಬ್ಯಾಡಗಿಯ ಮಾತು. ಬುಡಾಪೆಸ್ಟ್‌ನಲ್ಲಿ 1897ರಲ್ಲಿ ಕಟ್ಟಿದ ದೊಡ್ಡ ಮಾರುಕಟ್ಟೆ ಇದೆ. ರೈಲು ನಿಲ್ದಾಣದಷ್ಟು ಎತ್ತರದ ಕಬ್ಬಿಣದ ಮಾಡು. ಒಳಗೆ ಕಾಲಿಟ್ಟರೆ ಕೆಂಪು ಮೆಣಸಿನಕಾಯಿಯ ಮಾಲೆಗಳು. ಅತ್ತೆ ಅಲ್ಲೇ ನಿಂತರು. ಒಂದು ಅಂಗಡಿಯವಳು ಚಮಚದಲ್ಲಿ ಪುಡಿ ಕೊಟ್ಟಳು. ಅತ್ತೆ ಅಂಗೈಗೆ ಹಾಕಿಕೊಂಡು, ಬೆರಳಿಂದ ತಿಕ್ಕಿ, ಮೂಸಿ, ನಾಲಿಗೆಗೆ ಇಟ್ಟು ಹೇಳಿದರು: "ಬಣ್ಣ ಐತಿ, ಖಾರ ಇಲ್ಲ. ಇದು ನಮ್ಮ ಬ್ಯಾಡಗಿದರ ಅಕ್ಕತಂಗೀನ." ಮಾತು ನಿಜವೇ. ಎರಡೂ ಊರಿಗೆ ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ. ನಮಗೆ ಪೋರ್ಚುಗೀಸರ ಕೈಯಿಂದ, ಅವರಿಗೆ ತುರ್ಕರ ಕೈಯಿಂದ. ಎರಡೂ ಕಡೆ ಜನ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಕೊಟ್ಟು ಬೆಳೆಸಿದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಹಂಗೇರಿಯ ಕಲೊಚಾ, ಸೆಗೆಡ್ ಊರಿನ ಪುಡಿಗೂ ಅಂಥದ್ದೇ ಮಾನ್ಯತೆ ಇದೆ. ಪೊಟ್ಟಣದ ಮೇಲೆ "ಏಡೆಶ್" ಅಂತಿದ್ದರೆ ಸಪ್ಪೆ, "ಚೀಪೋಷ್" ಅಂತಿದ್ದರೆ ಖಾರ. ನೀವು ಹೋದರೆ ಒಂದು ಹಿಡಿ ಬ್ಯಾಡಗಿ ಪುಡಿ ಒಯ್ದು ಆ ಅಂಗಡಿಯವರಿಗೆ ಮೂಸಲು ಕೊಡಿ. ನಾವು ಅದೊಂದು ಮರೆತಿದ್ದೆವು.

ಪ್ರಶ್ನೆ: ನಮ್ಮ ಮಕ್ಕಳಿಗೆ ರಜೆ ಏಪ್ರಿಲ್-ಮೇ. ಅಲ್ಲಿ ಬೇಸಿಗೆ ಜೂನ್‌ನಿಂದ ಅನ್ನುತ್ತಾರೆ. ಆಗ ಹೋದರೆ ಚಳಿ ಇರುತ್ತದಾ?
– ರಾಣೆಬೆನ್ನೂರು

ಉತ್ತರ: ನನ್ನನ್ನು ಕೇಳಿದರೆ ಮೇ ತಿಂಗಳೇ ಒಳ್ಳೆಯದು. ಜುಲೈ-ಆಗಸ್ಟ್‌ನಲ್ಲಿ ಅವರ ಶಾಲೆಗಳಿಗೂ ರಜೆ, ಎಲ್ಲ ಕಡೆ ಗದ್ದಲ, ಬಾಡಿಗೆ ಜಾಸ್ತಿ. ರೋಮ್‌ನಲ್ಲಿ ಬಿಸಿಲು ನಮ್ಮ ಏಪ್ರಿಲ್‌ನಷ್ಟೇ ಜೋರು. ಹಳೆಯ ಎಷ್ಟೋ ಮನೆಗಳಲ್ಲಿ ಎಸಿ ಹೋಗಲಿ, ಫ್ಯಾನೂ ಇರುವುದಿಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ-ಸಂಜೆ ಒಂದು ಸ್ವೆಟರ್ ಸಾಕು. ಮಳೆ ನಡುನಡುವೆ ಬರುತ್ತದೆ, ಛತ್ರಿ ಇರಲಿ. ಕೆರೆಯಲ್ಲಿ ಈಜುವುದು, ಎತ್ತರದ ಬೆಟ್ಟ ಹತ್ತುವುದು ಆಗುವುದಿಲ್ಲ, ನೀರು ತಣ್ಣಗೆ ಕೊರೆಯುತ್ತದೆ, ಮೇಲೆ ಹಿಮ ಇರುತ್ತದೆ. ಹೊತ್ತು ಮುಳುಗುವುದು ವಿಯೆನ್ನಾದಲ್ಲಿ ಮೇ ಮೊದಲಲ್ಲೇ ಎಂಟು ದಾಟಿದ ಮೇಲೆ. ಮಧ್ಯಾಹ್ನ ಮಲಗಿ ಎದ್ದರೂ ದೊಡ್ಡ ಸಂಜೆ ಕೈಯಲ್ಲಿರುತ್ತದೆ.

ಮೇ 1 ನೆನಪಿಡಿ. ಆ ನಾಲ್ಕೂ ದೇಶದಲ್ಲಿ ರಜೆ, ಬಹಳಷ್ಟು ಅಂಗಡಿ ಬಂದ್. ಸ್ಲೊವೇನಿಯಾದಲ್ಲಿ ಮೇ 2ಕ್ಕೂ ರಜೆ. ಆಸ್ಟ್ರಿಯಾ, ಸ್ಲೊವೇನಿಯಾದಲ್ಲಿ ಭಾನುವಾರವೂ ದಿನಸಿ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಕಾಯಿಪಲ್ಲೆ ತಂದಿಟ್ಟುಕೊಳ್ಳಿ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದ ಅಂಗಡಿ ತೆರೆದಿರುತ್ತದೆ.

ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರಿಗೆ ಒಂದು ಮಾತು. ಫಲಿತಾಂಶ ಈ ನಡುವೆಯೇ ಬರುತ್ತದೆ, ಹೆದರಬೇಡಿ. 2024ರಲ್ಲಿ ಅದು ಬಂದದ್ದು ಮೇ 9ರ ಬೆಳಿಗ್ಗೆ ಹತ್ತೂವರೆಗೆ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ, ಹೊದಿಕೆ ಹೊದ್ದುಕೊಂಡೇ, ಮಗಳು ಕಿಟಕಿ ಹತ್ತಿರ ಫೋನು ಹಿಡಿದು ಕೂತಿದ್ದಳು. ನೋಡಿದ ಮೇಲೆ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದಳು. ಅವತ್ತು ರವೆ ಹುರಿದು ಸಜ್ಜಿಗೆ ಮಾಡಿದೆ. ಅಲ್ಲಿಯ ಬೆಣ್ಣೆ ಕಾಯಿಸಿದರೆ ತುಪ್ಪ ಘಮ್ ಅನ್ನುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ಮೊಣಕಾಲು ನೋವು, ಆಗಾಗ ಬಚ್ಚಲಿಗೆ ಹೋಗಬೇಕಾಗುತ್ತದೆ. ಅವರನ್ನು ಕರೆದುಕೊಂಡು ಹೋಗುವುದು ತಪ್ಪಾ?
– ಕೆಲಗೇರಿ, ಧಾರವಾಡ

ಉತ್ತರ: ತಪ್ಪಲ್ಲ, ಖಂಡಿತ ಕರೆದುಕೊಂಡು ಹೋಗಿ. ಮನೆ ಆರಿಸುವಾಗ ಮಾತ್ರ ನಾವು ಮಾಡಿದ ತಪ್ಪು ಮಾಡಬೇಡಿ. ವಿಯೆನ್ನಾದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ ಅಂತ ಬರೆದಿದ್ದರು. ಎರಡೇ ಮಹಡಿ ತಾನೇ ಅಂದುಕೊಂಡೆವು. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ನೆಲಮಹಡಿ ಆದ ಮೇಲೆ ಎತ್ತರಿಸಿದ ನೆಲಮಹಡಿ, ಆಮೇಲೆ ಮೆಜನೀನ್ ಅಂತ ಇನ್ನೊಂದು, ಅದು ದಾಟಿದ ಮೇಲೆ "ಒಂದನೇ ಮಹಡಿ" ಬರುತ್ತದೆ. ನಮ್ಮ ಎರಡನೇ ಮಹಡಿ ಲೆಕ್ಕ ಹಾಕಿದರೆ ನಾಲ್ಕನೆಯದು. ಮೊದಲ ದಿನ ಅತ್ತೆ ಮೂರು ಕಡೆ ಕೂತು ಹತ್ತಿದರು. ನಮ್ಮ ಮನೆಯವರಿಗೆ ಕಣ್ಣಲ್ಲಿ ನೀರು ಬಂತು. ಮನೆ ಬದಲಿಸಲು ಆಗಲಿಲ್ಲ. ಎಂಟು ದಿನ ಅವರು ದಿನಕ್ಕೆ ಒಂದೇ ಸಲ ಇಳಿದು ಹತ್ತುವಂತೆ ಎಲ್ಲ ಕಾರ್ಯಕ್ರಮ ಬದಲಿಸಿದೆವು. ನೀವು "ಬೀದಿಯಿಂದ ಬಾಗಿಲ ತನಕ ಎಷ್ಟು ಮೆಟ್ಟಿಲು?" ಅಂತಲೇ ಮನೆ ಮಾಲೀಕರಿಗೆ ಬರೆದು ಕೇಳಿ.

ಊರುಗಳ ಪೈಕಿ ಲ್ಯೂಬ್ಲಿಯಾನಾ ಹಿರಿಯರಿಗೆ ಬಹಳ ಅನುಕೂಲ. ನಡುಪೇಟೆಯಲ್ಲಿ ಕಾರು ಬಿಡುವುದಿಲ್ಲ. ಕವಲಿರ್ ಅನ್ನುವ ಸಣ್ಣ ವಿದ್ಯುತ್ ಗಾಡಿಗಳು ಓಡಾಡುತ್ತವೆ, ಕೈ ಮಾಡಿದರೆ ನಿಲ್ಲುತ್ತವೆ, ದುಡ್ಡಿಲ್ಲ. ಬೊಲೊನ್ಯಾದಲ್ಲಿ ರಸ್ತೆಯ ಬದಿಗೆ ಕಂಬ ಕಮಾನಿನ ಪಡಸಾಲೆಗಳು, ಎಲ್ಲ ಸೇರಿಸಿದರೆ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಮಳೆ ಬಂದರೂ, ಬಿಸಿಲಿದ್ದರೂ ತಲೆ ಮೇಲೆ ಮಾಡು, ಕಾಲ ಕೆಳಗೆ ಸಪಾಟು ನೆಲ. ಅಲ್ಲಿ ನಮ್ಮ ಓಣಿಯಲ್ಲಿ ಒಂದು ಪಾಸ್ತಾ ಅಂಗಡಿ ಇತ್ತು. ಕಿಟಕಿಯ ಹಿಂದೆ ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಕಣಕ ಲಟ್ಟಿಸುತ್ತಿದ್ದಳು. ತೋಳಿನಷ್ಟು ಉದ್ದದ ಲಟ್ಟಣಿಗೆ. ಹಾಳೆಯನ್ನು ಅದಕ್ಕೆ ಸುತ್ತಿ, ಕಾಲು ಸುತ್ತು ತಿರುವಿ, ಮತ್ತೆ ಬಿಡಿಸುವಳು. ಅಷ್ಟು ತೆಳುವಾದ ಮೇಲೆ ಹಿಂದಿನ ಬೆಳಕು ಕಾಣುತ್ತಿತ್ತು. ಅತ್ತೆ ದಿನಾ ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದರು. "ಇಷ್ಟುದ್ದ ಲಟ್ಟಣಿಗಿ ಇದ್ರ ಹೋಳಿಗಿ ಜಲ್ದಿ ಮುಗೀತಾವ ನೋಡು" ಅನ್ನುವರು. ನಾಲ್ಕನೇ ದಿನ ಆಕೆ ಒಳಗಿನಿಂದ ಕೈ ಬೀಸಿದಳು. ಅತ್ತೆ ಗಾಜಿನ ಆಚೆಯಿಂದ ಎರಡೂ ಕೈ ಜೋಡಿಸಿದರು.

ಬಚ್ಚಲಿನ ವಿಷಯ. ನಿಲ್ದಾಣ, ಪಾರ್ಕುಗಳಲ್ಲಿ ಅರ್ಧ ಯೂರೋದಿಂದ ಒಂದು ಯೂರೋ ತೆಗೆದುಕೊಳ್ಳುತ್ತಾರೆ. ತಾಯಿಯ ಚೀಲದಲ್ಲಿ ಚಿಲ್ಲರೆ ಯಾವಾಗಲೂ ಇರಲಿ. ನೀರು ಇರುವುದಿಲ್ಲ, ಒಂದು ಖಾಲಿ ಬಾಟಲಿ ಜೊತೆಗಿರಲಿ. ಇಟಲಿಯ ಮನೆಗಳಲ್ಲಿ ಮಾತ್ರ ಈ ಚಿಂತೆ ಇಲ್ಲ. ಮನೆಯ ಬಚ್ಚಲಿನಲ್ಲಿ ತೊಳೆದುಕೊಳ್ಳಲು "ಬಿಡೆ" ಅನ್ನುವ ನಲ್ಲಿಯಿರುವ ತೊಟ್ಟಿ ಇರಲೇಬೇಕು ಅಂತ 1975ರಿಂದ ಅಲ್ಲಿ ನಿಯಮವೇ ಇದೆ. ಕುಡಿಯುವ ನೀರು ಕೊಳ್ಳಬೇಡಿ. ವಿಯೆನ್ನಾದ ನಲ್ಲಿಗೆ 1873ರಿಂದ ಬೆಟ್ಟದ ಊಟೆಯ ನೀರೇ ಬರುತ್ತದೆ. ರೋಮ್‌ನ ಬೀದಿಗಳಲ್ಲಿ ಸುಮಾರು 2,500 ಕುಡಿಯುವ ನೀರಿನ ನಲ್ಲಿಗಳಿವೆ, ಹಗಲು-ರಾತ್ರಿ ತಣ್ಣಗೆ ಹರಿಯುತ್ತಿರುತ್ತವೆ.

ಪ್ರಶ್ನೆ: ರೈಲಿಗೆ ಪಾಸ್ ತೆಗೆದುಕೊಳ್ಳಬೇಕಾ, ಬಿಡಿ ಟಿಕೆಟ್ ಸಾಕಾ? ಬ್ಯಾಗು ಎಷ್ಟು ಒಯ್ಯಬಹುದು?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನಮ್ಮಂಥವರಿಗಾಗಿ ಇರುವುದು ಯುರೇಲ್ ಪಾಸ್, 33 ದೇಶಗಳಲ್ಲಿ ನಡೆಯುತ್ತದೆ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ ಪಾಸ್ ಕೊಡುತ್ತಾರೆ, ಒಬ್ಬ ದೊಡ್ಡವರಿಗೆ ಇಬ್ಬರು ಮಕ್ಕಳು. ದಿನಾ ರೈಲು ಹತ್ತುವವರಿಗೆ ಒಳ್ಳೆಯದು. ಆದರೆ ತಿಂಗಳಿಗೆ ನಾಲ್ಕೈದು ದೊಡ್ಡ ಪ್ರಯಾಣ ಅಷ್ಟೇ ಇದ್ದರೆ ಬಿಡಿ ಟಿಕೆಟನ್ನು ಮುಂಚೆಯೇ ತೆಗೆಸುವುದು ಅಗ್ಗ. ಪಾಸ್ ಇದ್ದರೂ ಇಟಲಿಯ ವೇಗದ ರೈಲಿಗೆ, ರಾತ್ರಿ ರೈಲಿಗೆ ಸೀಟು ಬೇರೆ ಕಾದಿರಿಸಬೇಕು.

ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟಿಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲ ಅಂತ ನಮಗೆ ದಂಡ ಬಿತ್ತು.

ಬ್ಯಾಗಿನ ಪರೀಕ್ಷೆ ಹುಬ್ಬಳ್ಳಿಯಲ್ಲೇ ಮಾಡಬಹುದು. ಅಲ್ಲಿ ಕೂಲಿಯವರು ಸಿಗುವುದಿಲ್ಲ, ಅವರವರ ಬ್ಯಾಗು ಅವರವರೇ ಎತ್ತಬೇಕು. ನಮ್ಮ ಸಿದ್ಧಾರೂಢ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿಗೇ ಉದ್ದದ್ದು. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ತುಂಬಿದ ಬ್ಯಾಗು ಎಳೆಯುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಕೊನೆಗೆ ಮೇಲ್ಸೇತುವೆಯ ಮೆಟ್ಟಿಲನ್ನೂ ಹತ್ತಿಸಿ. ನಾವು ಮಾರ್ಚ್‌ನ ಒಂದು ಭಾನುವಾರ ಹಾಗೆ ಮಾಡಿ, ಮನೆಗೆ ಬಂದು ಪ್ರತಿ ಬ್ಯಾಗಿನಿಂದ ಮೂರ್ನಾಲ್ಕು ಕಿಲೋ ತೆಗೆದೆವು.

ಪ್ರಶ್ನೆ: ದುಡ್ಡು ನಗದಾಗಿ ಒಯ್ಯಬೇಕಾ, ಕಾರ್ಡ್ ಸಾಕಾ?
– ಗದಗ

ಉತ್ತರ: ಕಾರ್ಡ್ ಮುಖ್ಯ, ಸ್ವಲ್ಪ ನಗದು. ಹಂಗೇರಿಯಲ್ಲಿ ಫೋರಿಂಟ್, ಉಳಿದ ಮೂರರಲ್ಲಿ ಯೂರೋ. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ. ಯಾವಾಗಲೂ ಅಲ್ಲಿಯ ದುಡ್ಡನ್ನೇ ಆರಿಸಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಬದಲಿಸಿ ಜಾಸ್ತಿ ಕತ್ತರಿಸುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಮ್ಯೂಸಿಯಂ ಅಂದರೆ ಹತ್ತು ನಿಮಿಷಕ್ಕೆ ಬೇಜಾರು. ಅಷ್ಟು ದಿನ ಒಂದೇ ಊರಲ್ಲಿ ಮಕ್ಕಳನ್ನು ಹೇಗೆ ಹಿಡಿದಿಟ್ಟಿರಿ?
– ಲಕ್ಷ್ಮೇಶ್ವರದ ಒಬ್ಬ ತಾಯಿ

ಉತ್ತರ: ಹಿಡಿದಿಡಲಿಲ್ಲ ತಂಗಿ, ಬಿಟ್ಟೆವು. ಬುಡಾಪೆಸ್ಟ್‌ನಲ್ಲಿ ನದಿಯ ನಡುವೆ ಮಾರ್ಗರೆಟ್ ದ್ವೀಪ ಅಂತ ಇದೆ, ಮರ, ಹುಲ್ಲು, ಆಟ. ಎರಡು ದಿನ ಅಲ್ಲೇ ಕಳೆದೆವು. 1896ರ ಹಳದಿ ಮೆಟ್ರೊದಲ್ಲಿ ಮಗ ಈ ತುದಿಯಿಂದ ಆ ತುದಿಗೆ ಸುಮ್ನೆ ನಾಲ್ಕು ಸಲ ಓಡಾಡಿದ. ರೋಮ್‌ನ ಪ್ಯಾಂಥಿಯಾನ್ ಗುಮ್ಮಟದ ಕೆಳಗೆ ಅವನು ಮೊದಲು ಕೇಳಿದ್ದು "ಗೋಲಗುಮ್ಮಟ ದೊಡ್ಡದೋ ಇದು ದೊಡ್ಡದೋ?" ಅಂತ. ಇದರ ಒಳಗಿನ ಅಡ್ಡಳತೆ 43 ಮೀಟರ್ ಚಿಲ್ಲರೆ, ವಿಜಯಪುರದ್ದು ಹೊರಗಿನಿಂದ ಸುಮಾರು 44. ಅಪ್ಪ-ಮಗ ಗೋಡೆಯ ದಪ್ಪ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತ ನಿಂತರು. ತಾನು ನೋಡಿದ್ದರ ಜೊತೆ ಜೋಡಿಸಿಕೊಟ್ಟರೆ ಮಗು ತಾನೇ ಮುಂದೆ ನೋಡುತ್ತದೆ.

ಮ್ಯೂಸಿಯಂ ಬಗ್ಗೆ ನನ್ನ ಸಲಹೆ: ಒಂದು ದಿನಕ್ಕೆ ಒಂದೇ ಚಿತ್ರ. ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿ 19 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಮೇ 2ರ ಗುರುವಾರ ಸಂಜೆ ಹೋದೆವು, ಜನ ಕಡಿಮೆ ಇದ್ದರು. ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ "ಮಕ್ಕಳ ಆಟಗಳು" ಅನ್ನುವ ಚಿತ್ರ ಅಲ್ಲಿದೆ. ಒಂದೂವರೆ ಮೀಟರ್ ಅಗಲದ ಹಲಗೆ. ಅದರಲ್ಲಿ ಒಂದು ಊರಿನ ಬೀದಿ, ಬೀದಿ ತುಂಬ ಸುಮಾರು 230 ಮಕ್ಕಳು, 80ಕ್ಕಿಂತ ಜಾಸ್ತಿ ಆಟ. ಎದುರಿಗೆ ಕೂರಲು ಮೆತ್ತನೆಯ ಆಸನ. ಅತ್ತೆ ಕೂತರು, ಮಗ ಅವರ ಪಕ್ಕ.

ಮೊದಲು ಕಂಡದ್ದು ಗಾಲಿ ಓಡಿಸುವ ಇಬ್ಬರು ಹುಡುಗರು. ಆಮೇಲೆ ಕಮಾನಿನ ಕೆಳಗೆ ಚಾಟಿಯಿಂದ ಹೊಡೆದು ಬಗರಿ ಆಡಿಸುವವರು. ಕಣ್ಣಾಮುಚ್ಚಾಲೆ, ಮರಗಾಲು, ಕೋಲು ಕುದುರೆ, ಒಬ್ಬರ ಬೆನ್ನ ಮೇಲಿಂದ ಒಬ್ಬರು ಜಿಗಿಯುವುದು, ಸುಳ್ಳು ಮದುವೆಯ ಮೆರವಣಿಗೆ. ಮಗ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದ. ಅಷ್ಟರಲ್ಲಿ ಅತ್ತೆ ಎದ್ದು ಚಿತ್ರದ ಎಡಗಡೆ ಕೆಳಗಿನ ಮೂಲೆಗೆ ಬಗ್ಗಿದರು. ಅಲ್ಲಿ ಇಬ್ಬರು ಕೂತು ಏನೋ ಮೇಲೆ ಎಸೆದು ಹಿಡಿಯುತ್ತಿದ್ದಾರೆ. ಕುರಿಯ ಕಾಲಿನ ಸಣ್ಣ ಎಲುಬುಗಳು ಅಂತೆ. "ಇವ ನಮ್ಮ ಐದು ಕಲ್ಲಾಟ" ಅಂದರು ಅತ್ತೆ. ಅಣ್ಣಿಗೇರಿ ಕಡೆಯ ತಮ್ಮ ತವರಿನ ಕಟ್ಟೆ ಮೇಲೆ ಆಡುತ್ತಿದ್ದ ಆಟ. ಅಲ್ಲೇ ನಿಂತು, ಕೈಯಲ್ಲಿ ಕಲ್ಲಿಲ್ಲದೆ, ಒಂದು ಎಸೆದು ಎರಡು ಎತ್ತುವುದು ಹೇಗೆ ಅಂತ ಗಾಳಿಯಲ್ಲಿ ತೋರಿಸಿದರು. ಬಳೆಯ ಸದ್ದಿಗೆ ಆಚೆ ನಿಂತಿದ್ದ ಕಾವಲುಗಾರ ತಿರುಗಿ ನೋಡಿದ, ನೋಡಿ ನಕ್ಕ. ಎರಡು ಗಂಟೆ ಒಂದೇ ಚಿತ್ರದ ಮುಂದೆ ಹೋಯಿತು. ಮಗನ ಪಟ್ಟಿಯಲ್ಲಿ 31 ಆಟ ಇದ್ದವು. ಬೇರೆ ಕೋಣೆಗೆ ನಾವು ಹೋಗಲೇ ಇಲ್ಲ.

ಮರುದಿನ ಪಾರ್ಕಿನಲ್ಲಿ ಅಜ್ಜಿ-ಮೊಮ್ಮಗ ಸೇರಿ ದುಂಡನೆಯ ಐದು ಕಲ್ಲು ಆರಿಸಿದರು. 7ನೇ ತಾರೀಖು ವಿಯೆನ್ನಾದಿಂದ ಲ್ಯೂಬ್ಲಿಯಾನಾಕ್ಕೆ ಆರು ಗಂಟೆಯ ರೈಲು. ದಾರಿಯಲ್ಲಿ ಸೆಮ್ಮರಿಂಗ್ ಘಟ್ಟ. 1854ರಲ್ಲಿ ಮುಗಿದ ರೈಲು ಹಾದಿ, 16 ದೊಡ್ಡ ಸೇತುವೆ. ಕ್ಯಾಸಲ್ ರಾಕ್‌ನಿಂದ ದೂಧ್‌ಸಾಗರದ ಕಡೆ ಇಳಿಯುವಾಗ ಹೇಗೆ ಎಲ್ಲರೂ ಕಿಟಕಿಗೆ ಬರುತ್ತೇವೋ ಹಾಗೆ ನಾನು, ಮಗಳು, ನಮ್ಮ ಮನೆಯವರು ಕಿಟಕಿಗೆ ಅಂಟಿಕೊಂಡು ನಿಂತಿದ್ದೆವು. ಅವರಿಬ್ಬರು ತಲೆ ಎತ್ತಲಿಲ್ಲ. ಸೀಟಿನ ನಡುವಿನ ಮೇಜಿನ ಮೇಲೆ ಕಲ್ಲುಗಳು ಟಕ್ ಟಕ್ ಅನ್ನುತ್ತಿದ್ದವು. ಗ್ರಾಜ್ ಊರು ಬರುವ ಹೊತ್ತಿಗೆ ಅತ್ತೆ ಎರಡು ಆಟ ಮುಂದಿದ್ದರು.